ಶಾಂತಿಗೂ ಫಾಸ್ಟ್‌ಟ್ಯಾಗ್

ಲಾಂಗ್ ವೀಕೆಂಡ್ ಬಂತೆಂದರೆ ಬೆಂಗಳೂರಿಗೆ ಶಾಂತಿ ಬೇಕಾಗುತ್ತದೆ. ಎಲ್ಲರಿಗೂ ಒಂದೇ ಬೆಳಗ್ಗೆ, ಒಂದೇ ರಸ್ತೆಯಲ್ಲಿ ಬೇಕಾಗುತ್ತದೆ. ಟೋಲ್‌ನಲ್ಲಿ ಮುಂದಿನ ಕಾರಿನವರ ಫಾಸ್ಟ್‌ಟ್ಯಾಗ್‌ನಲ್ಲಿ ದುಡ್ಡಿರುವುದಿಲ್ಲ. ಹಿಂದಿನವರೆಲ್ಲ ಸೇರಿ ಹಾರ್ನ್ ಹೊಡೆಯುತ್ತಾರೆ, ಗಾಜು ಇಳಿಸಿ ಬೈಯುತ್ತಾರೆ. ಹೊರಟಿರುವುದು ಬೌದ್ಧ ಮಠಕ್ಕೆ, ಮನಸ್ಸು ಹಗುರ ಮಾಡಿಕೊಳ್ಳೋಕೆ.

ಆ ಮಠ ಇರುವ ಟಿಬೆಟನ್ನರ ಊರು ಬೈಲಕುಪ್ಪೆ ಇಲ್ಲಿಂದ ಸುಮಾರು 220 ಕಿ.ಮೀ. ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ. ಹೊಟ್ಟೆ ತುಂಬಿದ ಮೇಲೆ ವೈರಾಗ್ಯ ಸುಲಭ, ಅಲ್ವಾ?

ತಲುಪಿದ ಕೂಡಲೇ ಮೊದಲ ತಕರಾರು: "ಮಂಜೇ ಇಲ್ವಲ್ಲ!" ರೀಲ್ಸ್‌ನಲ್ಲಿ ಬಂಗಾರದ ಬುದ್ಧನ ಹಿಂದೆಯೇ ಮಂಜು ಮುಸುಕಿದ ಬೆಟ್ಟ ಬರುತ್ತದೆ. ಬುದ್ಧ ಬೈಲಕುಪ್ಪೆಯವನು, ಬೆಟ್ಟ ಮಡಿಕೇರಿ ಆಚೆಯದು. ಇದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಸುತ್ತ ಇರುವುದು ಮುಸುಕಿನ ಜೋಳದ ಹೊಲ. ಮುಸುಕು ಇದೆ, ಮಂಜಿನದ್ದಲ್ಲ ಅಷ್ಟೇ. ಗೂಗಲ್‌ನಲ್ಲಿ ಇದಕ್ಕೂ ಒಂದು ಸ್ಟಾರ್ ಕಳೆಯುವವರಿದ್ದಾರೆ.

ಹಾಗಂತ ನಮಗೆ ಮಂಜಿನ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ಚಳಿಗಾಲದಲ್ಲಿ ಅದೇ ಮಂಜು ತಾನಾಗಿ ದೇವನಹಳ್ಳಿಗೆ ಬಂದು ವಿಮಾನ ತಡವಾದರೆ ಕೌಂಟರಿನ ಹುಡುಗಿಯ ಗತಿ ನೋಡಬೇಕು. ಮನೆ ಬಾಗಿಲಿಗೆ ಬಂದ ಮಂಜು ತೊಂದರೆ. ರೂಮಿಗೆ ದುಡ್ಡು ಕೊಟ್ಟು ನೋಡಿದ್ದು ಪ್ರಕೃತಿ.

ಒಳಗಿನ ಆಟ ಇನ್ನೂ ಚೆಂದ. ನಮ್ಡ್ರೋಲಿಂಗ್ ಎಂದರೆ ಮೊದಲಿಗೆ ಓದುವ ಜಾಗ. ಟಿಬೆಟ್ ಬಿಟ್ಟು ಬಂದ ಪೆನೋರ್ ರಿಂಪೋಚೆ 1963ರಲ್ಲಿ ಕಟ್ಟಿದ ಮಠ. ಸಾವಿರಾರು ಭಿಕ್ಷುಗಳು ಇಲ್ಲಿ ಕಲಿಯುತ್ತಾರೆ. ನಮಗೆ ಅದು 'ಗೋಲ್ಡನ್ ಟೆಂಪಲ್', ಅವರು ಬ್ಯಾಕ್‌ಗ್ರೌಂಡ್. ಕೆಂಪು ಬಟ್ಟೆಯ ಹುಡುಗ ಪುಸ್ತಕ ಹಿಡಿದು ತರಗತಿಗೆ ಓಡುತ್ತಿದ್ದರೆ, "ಒನ್ಸ್ ಮೋರ್, ಸ್ಲೋ ಆಗಿ" ಎಂದು ಕೈ ಅಡ್ಡ ಹಿಡಿಯುತ್ತಾರೆ. ನಮ್ಮ ಮಕ್ಕಳ ಸ್ಕೂಲಿನ ಗೇಟಿನಲ್ಲಿ ಯಾರಾದರೂ ಹೀಗೆ ಮಾಡಿದರೆ ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿಯಿಡೀ ಯಾರೂ ಮಲಗುವುದಿಲ್ಲ.

ಪ್ರಾರ್ಥನಾ ಚಕ್ರಗಳನ್ನು ಬಲಕ್ಕೆ ತಿರುಗಿಸುತ್ತಾ ಹೋಗಬೇಕು. ನಾವು ಎದುರು ದಿಕ್ಕಿನಿಂದ ನುಗ್ಗುತ್ತೇವೆ. ಒನ್‌ವೇಯಲ್ಲಿ ಉಲ್ಟಾ ಹೋಗಿ ಅಭ್ಯಾಸ ತಾನೇ! ಸಾಫ್ಟ್‌ವೇರಿನವರೊಬ್ಬರು ಹಿರಿಯ ಭಿಕ್ಷುವಿನ ಹತ್ತಿರ ಹೋಗಿ, "ಭಯ್ಯಾ, ಫೋಟೋ ಕಿಧರ್ ಅಚ್ಛಾ ಆತಾ?" ಎಂದರು. ಅವರು ತಣ್ಣಗೆ ಕನ್ನಡದಲ್ಲೇ ಹೇಳಿದರು: "ಚಪ್ಪಲಿ ಮೊದಲು ಅಲ್ಲಿ ಬಿಡಿ, ಸ್ವಾಮಿ."

ಮನೆ-ಮಠ ಕಳೆದುಕೊಂಡು ಬಂದವರಿಗೆ ಆಗಿನ ಮೈಸೂರು ಸರ್ಕಾರ ಜಾಗ ಕೊಟ್ಟಿತು. 1960ರ ದಶಕದ ಆರಂಭದಲ್ಲಿ ಆ ಜನ ಕಾಡು ಕಡಿದು, ಆನೆ ಕಾಟ ತಡೆದುಕೊಂಡು, ಹೊಲ ಮಾಡಿಕೊಂಡರು. ಅವರ ಊರನ್ನು ನೋಡಿ ನಾವು "ಎಷ್ಟು ಪೀಸ್‌ಫುಲ್" ಎಂದು ಕ್ಯಾಪ್ಷನ್ ಹಾಕುತ್ತೇವೆ. ಚಳಿ ಶುರುವಾದಾಗ ಅದೇ ಜನ ಬೆಂಗಳೂರಿಗೆ ಬಂದು ಸ್ವೆಟರ್ ಅಂಗಡಿ ಹಾಕಿದರೆ, "ಜಾಸ್ತಿ ಆಯ್ತು, ಇನ್ನೂರು ಕಮ್ಮಿ ಮಾಡಿ" ಎಂದು ಅರ್ಧ ಗಂಟೆ ಜಗಳ. ಕರುಣೆಗೆ ಬೈಲಕುಪ್ಪೆ, ಚೌಕಾಸಿಗೆ ಬೆಂಗಳೂರು. ಇಲಾಖೆ ಬೇರೆ ಬೇರೆ.

ಸೋಮವಾರ ಆಫೀಸಿನ ಮೀಟಿಂಗಿನಲ್ಲಿ ನಮ್ಮ ಪಕ್ಕದ ಮನೆಯವರು "ಲೆಟ್ ಗೋ ಮಾಡೋದು ಕಲಿಬೇಕು" ಎಂದರಂತೆ. ವಾಪಸ್ ಬರುವಾಗ ಓವರ್‌ಟೇಕ್ ಮಾಡಿದ ಕಾರಿನ ನಂಬರನ್ನು ಮಾತ್ರ ಇನ್ನೂ ಬಾಯಿಪಾಠ ಹೇಳುತ್ತಾರೆ.

ನಾನೇ ಒಂದು ದಾರಿ ಸೂಚಿಸಿದೆ. "ಸಾರ್, ಗಾಂಧಿನಗರದಲ್ಲೇ ಮಹಾಬೋಧಿ ಸೊಸೈಟಿ ಇದೆ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಶುರು ಮಾಡಿದ್ದು. ವಿಹಾರ ಇದೆ, ಸುಮ್ನೆ ಕೂತುಕೊಳ್ಳಬಹುದು. ಮೆಜೆಸ್ಟಿಕ್‌ವರೆಗೆ ಮೆಟ್ರೋ, ಟೋಲೂ ಇಲ್ಲ."

ಅವರು ನನ್ನನ್ನು ಕನಿಕರದಿಂದ ನೋಡಿದರು.

"ಗಾಂಧಿನಗರದಲ್ಲಾ? ಅಲ್ಲಿ ಸುಮ್ನೆ ಕೂತು ಏನ್ರೀ ಮಾಡೋದು?"