ಒಂದೇ ಮೊತ್ತ ಬರೆದುಕೊಟ್ಟರೆ ಲೆಕ್ಕ ಬರೆಯೋದು ಹೇಗೆ?

ಬಡ್ಡಿ ಕಡಿಮೆ ಅಂತ ನಮ್ಮ ಟ್ರಸ್ಟಿನ ಕಟ್ಟಡ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದೆವು. ಹೊಸ ಬ್ಯಾಂಕು ಹಳೆಯದಕ್ಕೆ ನೇರವಾಗಿ ಚೆಕ್ ಕೊಟ್ಟಿತು. ನಮ್ಮ ಖಾತೆಗೆ ಒಂದು ರೂಪಾಯಿಯೂ ಬರಲಿಲ್ಲ. ಹಾಗಾಗಿ ನಾವು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಇದು ರಿಸೀಟೂ ಅಲ್ಲ, ಪೇಮೆಂಟೂ ಅಲ್ಲ. ಎಫ್7 ಒತ್ತಿ ಜರ್ನಲ್, ಅಂದರೆ ಹಣ ನಮ್ಮ ಕೈಗೆ ಬಾರದ ವ್ಯವಹಾರದ ನಮೂದು, ಹಾಕಬೇಕು: ಹಳೆ ಸಾಲ ಡೆಬಿಟ್, ಹೊಸ ಸಾಲ ಕ್ರೆಡಿಟ್.

ಇಷ್ಟೇ ಆಗಿದ್ದರೆ ಐದು ನಿಮಿಷದ ಕೆಲಸ. ಆದರೆ ಆ ಚೆಕ್ಕಿನಲ್ಲಿ ಅಸಲೆಷ್ಟು? ಕೊನೆಯ ಕಂತಿನ ನಂತರದ ಬಡ್ಡಿ ಎಷ್ಟು? ಅವಧಿಗೆ ಮೊದಲೇ ಸಾಲ ತೀರಿಸಿದ್ದಕ್ಕೆ ಹಾಕುವ ಫೋರ್‌ಕ್ಲೋಷರ್ ಚಾರ್ಜ್ ಎಷ್ಟು? ಅಸಲು ಮಾತ್ರ ಸಾಲದ ಲೆಡ್ಜರಿಗೆ ಹೋಗಬೇಕು, ಉಳಿದದ್ದು ಖರ್ಚು. ಹಳೆ ಬ್ಯಾಂಕಿನ ಕಾಗದದಲ್ಲಿ ಇರುವುದು ಒಂದೇ ಮೊತ್ತ! ಕೇಳಿದರೆ ‘ಸಿಸ್ಟಮ್‌ನಲ್ಲಿ ಹೀಗೇ ಬರುತ್ತೆ’ ಅಂತಾರೆ. ಆಡಿಟರಿಗೆ ನಾನೇನು ತೋರಿಸಲಿ? ಇಷ್ಟು ವರ್ಷ ಬಡ್ಡಿ ತಗೊಂಡವರು ಒಂದು ಪುಟ ವಿವರ ಕೊಡಲೇಬೇಕು, ಅಲ್ವಾ?