ಇರಲಾರದೆ ಇರುವೆ ಬಿಟ್ಕೊಂಡ ಗುರುವಾರ

ಚೆನ್ನಾಗೇ ಓಡ್ತಿರೋ ಲ್ಯಾಪ್‌ಟಾಪನ್ನ ಮುಂದೆ ಇಟ್ಕೊಂಡು, ಅದರಲ್ಲಿರೋದನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ತುಂಬಿ, ಪೆನ್‌ಡ್ರೈವ್ ಚುಚ್ಚಿ, ಪೂರ್ತಿ ಅಳಿಸಿ ಮತ್ತೆ ಮೊದಲಿಂದ, ವಿಂಡೋಸ್ ಬದಲು ಓಡೋ ಲಿನಕ್ಸ್ ಹಾಕೋ ಮನುಷ್ಯನಿಗೆ ಏನನ್ನಬೇಕು? ನಮ್ಮಮ್ಮ ಅನ್ನೋದು ಒಂದೇ ಮಾತು, ಇರಲಾರದೆ ಇರುವೆ ಬಿಟ್ಕೊಂಡ್ರಂತೆ. ಎಲ್ಲಿ ಬಿಟ್ಕೊಂಡ್ರು ಅನ್ನೋದನ್ನ ಮರ್ಯಾದಸ್ಥರು ಹೇಳಲ್ಲ. ವರ್ಷಕ್ಕೆರಡು ಸಲ ಈ ಮಾತು ನನಗೆ ಗ್ಯಾರಂಟಿ, ಯಾಕಂದ್ರೆ ಲಿನಕ್ಸ್‌ನಲ್ಲಿ ನಾನು ಹಾಕ್ಕೊಳ್ಳೋ ಜಾತಿ ಉಬುಂಟು, ಅದರ ಹೊಸ ವರ್ಷನ್ ಬರೋದು ವರ್ಷಕ್ಕೆರಡು, ಏಪ್ರಿಲ್‌ನಲ್ಲೊಂದು ಅಕ್ಟೋಬರ್‌ನಲ್ಲೊಂದು, ಅದೂ ಗುರುವಾರನೇ. ರಾಯರ ವಾರ ನೋಡಿ ಬಿಡ್ತಾರೇನೋ ಅಂತ ಅಮ್ಮನಿಗೆ ಒಂದ್ಸಲ ಹೇಳಿದ್ದೆ, ಅವಳು ನಂಬಲಿಲ್ಲ.

2024ರ ಏಪ್ರಿಲ್ ನೆನಪಿದ್ಯಾ? ಬಿಸಿಲಿಗೆ ಊರೆಲ್ಲ ಬಾಡಿ ಹೋಗಿ, ಹನುಮಂತನಗರದಲ್ಲಿ ನಮ್ಮ ಬೀದಿಯೋರೆಲ್ಲ ಟ್ಯಾಂಕರ್ ಸದ್ದಿಗೆ ಕಿವಿ ಕೊಟ್ಕೊಂಡು ಕೂತಿದ್ದ ಕಾಲ. ಆ ಒಂದೇ ವಾರದಲ್ಲಿ 23ಕ್ಕೆ ಕರಗ, 25ಕ್ಕೆ ಉಬುಂಟು 24.04, 26ಕ್ಕೆ ಲೋಕಸಭೆ ಓಟು. ತಿಗಳರಪೇಟೆ ಧರ್ಮರಾಯನ ಗುಡಿ ಮುಂದೆ ನಡುರಾತ್ರಿ ದಾಟಿದ್ರೂ ಜನ ಕತ್ತು ಚಾಚ್ಕೊಂಡು ಬಂತಾ ಬಂತಾ ಅಂತ ಒಬ್ಬರನ್ನೊಬ್ಬರು ಕೇಳ್ತಿರ್ತಾರಲ್ಲ, ಎರಡು ದಿನ ಬಿಟ್ಟು ನಾನೂ ಹಂಗೇ ಡೌನ್‌ಲೋಡ್ ಪೇಜನ್ನ ಐದು ನಿಮಿಷಕ್ಕೊಂದ್ಸಲ ರಿಫ್ರೆಶ್ ಮಾಡ್ತಿದ್ದೆ. ನನಗೆ ಮಲ್ಲಿಗೆ ಎರಚೋಕೆ ಯಾರೂ ಇರ್ಲಿಲ್ಲ ಅಷ್ಟೇ.

ಅದರ ಹೆಸರು ನೋಬಲ್ ನಂಬ್ಯಾಟ್. ಪ್ರತಿ ವರ್ಷನ್‌ಗೂ ಒಂದು ಪ್ರಾಣಿ, ಅದರ ಮುಂದೆ ಅದೇ ಅಕ್ಷರದ ಒಂದು ವಿಶೇಷಣ, ಇದು ಅವರ ಪದ್ಧತಿ. ನಮ್ಮೋರು ಮಾಡಿದ್ರೆ ಗತ್ತಿನ ಗುಬ್ಬಿ, ಮುಂಗೋಪಿ ಮುಂಗುಸಿ ಅಂತ ಎಷ್ಟು ಚೆನ್ನಾಗಿರ್ತಿತ್ತು, ಣ ಬಂದಾಗ ಮಾತ್ರ ಒದ್ದಾಡಬೇಕಿತ್ತು. ನಂಬ್ಯಾಟ್ ಅಂದ್ರೆ ಆಸ್ಟ್ರೇಲಿಯಾದಲ್ಲಿರೋ ಅಳಿಲಿನಂಥ ಒಂದು ಪ್ರಾಣಿ, ಗೆದ್ದಲು ತಿಂದು ಬದುಕತ್ತೆ. ಇರುವೆ ಬಿಟ್ಕೊಳ್ಳೋರಿಗೆ ಸರಿಯಾದ ಹೆಸರೇ ಇಟ್ಟಿದ್ದಾರೆ ಅಂದ್ಕೊಂಡೆ. ನನ್ನ ಗೆಳೆಯ ಒಬ್ಬ ಇದ್ದಾನೆ, ಹುಬ್ಬಳ್ಳಿಯೋನು, ಇಲ್ಲಿಗೆ ಬಂದು ಇಪ್ಪತ್ತು ವರ್ಷ ಆದ್ರೂ ಭಾಷೆ ಬಿಟ್ಟಿಲ್ಲ, ಡೆಬಿಯನ್ ಅನ್ನೋ ಇನ್ನೊಂದು ಜಾತಿ ಲಿನಕ್ಸನ್ನೂ ಬಿಟ್ಟಿಲ್ಲ. ಫೋನ್ ಮಾಡಿ ಹೇಳಿದ್ರೆ, "ಹೆಸರಿನ್ಯಾಗ ಬರದಾರಲ್ಲಲೇ, ನಂಬಬ್ಯಾಡ ಅಂತ!"

ಈ ಡೆಬಿಯನ್ ಮಂದಿದು ಬೇರೆ ಮಡಿ. 1993ರಲ್ಲಿ ಶುರುವಾಗಿದ್ದು, ಹೆಸರೆಲ್ಲ ಟಾಯ್ ಸ್ಟೋರಿ ಸಿನಿಮಾದ ಪಾತ್ರಗಳದ್ದು, ಅದರಲ್ಲಿ ಆಟದ ಸಾಮಾನು ಮುರಿಯೋ ಹುಡುಗ ಸಿಡ್ ಇದ್ದಾನಲ್ಲ, ಯಾವಾಗ್ಬೇಕಾದ್ರೂ ಮುರೀಬಹುದಾದ ಅನ್‌ಸ್ಟೇಬಲ್ ವರ್ಷನ್‌ಗೆ ಅವನದೇ ಹೆಸರು. ಯಾವಾಗಪ್ಪಾ ರಿಲೀಸ್ ಅಂತ ಕೇಳಿದ್ರೆ ರೆಡಿ ಆದಾಗ ಅಂತಾರೆ, ಸುಮಾರು ಎರಡು ವರ್ಷಕ್ಕೊಂದು ಬರತ್ತೆ. ಇನ್ನು ಆರ್ಚ್ ಅನ್ನೋ ಮತ್ತೊಂದು ಜಾತಿ ಲಿನಕ್ಸ್ ಹಾಕ್ಕೊಂಡೋರಿಗೆ ರಿಲೀಸ್ ಅನ್ನೋದೇ ಇಲ್ಲ, ದಿನಾ ಒಂದಿಷ್ಟು ಹೊಸದು ಬರ್ತಾನೇ ಇರತ್ತೆ. ದಿನಾ ಹೋಳಿಗೆ ತಿನ್ನೋರಿಗೆ ಯುಗಾದಿ ಯಾಕೆ? ನನಗೆ ಅವರ ಮೇಲೆ ಸ್ವಲ್ಪ ಕನಿಕರ ಇದೆ.

ಆ ಸಲ ನಂಬ್ಯಾಟ್‌ನ ಬೀಟಾ, ಅಂದ್ರೆ ರಿಲೀಸ್‌ಗೆ ಮುಂಚೆ ಪರೀಕ್ಷೆಗೆ ಬಿಡೋ ವರ್ಷನ್, ಒಂದು ವಾರ ಮುಂದಕ್ಕೆ ಹೋಗಿತ್ತು, ಏಪ್ರಿಲ್ 4ಕ್ಕೆ ಬರಬೇಕಿದ್ದು 11ಕ್ಕೆ. ಕಾರಣ ಎಕ್ಸ್‌ಝಡ್ ಅನ್ನೋ ಒಂದು ಕಂಪ್ರೆಶನ್ ಸಾಮಾನು, ಅಂದ್ರೆ ಫೈಲನ್ನ ಹಿಂಡಿ ಚಿಕ್ಕದು ಮಾಡೋದು, ಹೆಚ್ಚುಕಮ್ಮಿ ಎಲ್ಲ ಲಿನಕ್ಸ್‌ನಲ್ಲೂ ಮೂಲೇಲಿ ಸದ್ದಿಲ್ಲದೆ ಕೂತಿರತ್ತೆ. ಯಾರೋ ಒಬ್ಬ ಎರಡು ವರ್ಷದ ಮೇಲೆ ಒಳ್ಳೇ ಹುಡುಗನ ಹಾಗೆ ಕೆಲಸ ಮಾಡ್ಕೊಟ್ಟು, ನಂಬಿಕೆ ಗಳಿಸಿ, ಆಮೇಲೆ ಅದರೊಳಗೆ, ಬೇರೆಯೋರ ಕಂಪ್ಯೂಟರಿಗೆ ಕದ್ದು ನುಗ್ಗೋಕೆ ಹಿಂಬಾಗಿಲು ಇಟ್ಟಿದ್ದ. ಅದನ್ನ ಹಿಡಿದಿದ್ದು ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್, ಹೇಗೆ ಅಂದ್ರೆ ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ಜಾಸ್ತಿ ತಗೊಳ್ತಿದೆಯಲ್ಲ ಯಾಕೆ ಅಂತ ತಲೆ ಕೆಡಿಸ್ಕೊಂಡು. ಅರ್ಧ ಸೆಕೆಂಡ್ ಸ್ವಾಮಿ! ಟೌನ್‌ಹಾಲ್ ಸಿಗ್ನಲ್‌ನಲ್ಲಿ ನಾವು ಕಳೆಯೋ ಟೈಮಲ್ಲಿ ಅದೆಷ್ಟು ಹಿಂಬಾಗಿಲು ಹೋಗಿ ಬಂದಿರತ್ತೋ. ಆ ಗಾಬರಿಗೆ ಉಬುಂಟುನೋರು ಪ್ಯಾಕೇಜ್‌ಗಳನ್ನ ಮತ್ತೆ ಬಿಲ್ಡ್ ಮಾಡೋಕೆ ಕೂತ್ರು, ಆದ್ರೂ 25ನೇ ತಾರೀಖು ತಪ್ಪಲಿಲ್ಲ.

ನಾನು ಈ ಚಟಕ್ಕೆ ಬಿದ್ದಿದ್ದು 2008ರಲ್ಲಿ. ಆಗ ಮನೇಲಿದ್ದಿದ್ದು 256 ಕೆಬಿಪಿಎಸ್ ಬ್ರಾಡ್‌ಬ್ಯಾಂಡ್, ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಫ್ರೀ. 700 ಎಂಬಿ ಸಿಡಿ ಇಳಿಸೋಕೆ ಲೆಕ್ಕದ ಪ್ರಕಾರ ಆರು ಗಂಟೆ ಚಿಲ್ಲರೆ ಬೇಕು, ಆ ಚಿಲ್ಲರೇಲೇ ಪ್ರತಿ ಸಲ ಎಡವಟ್ಟಾಗೋದು. ಆದ್ರೆ ಕೇಳಿದೋರಿಗೆ ಉಬುಂಟುನೋರೇ ಪುಕ್ಕಟೆ ಸಿಡಿ ಪೋಸ್ಟಲ್ಲಿ ಕಳಿಸೋರು, ಅಂಚೆ ಖರ್ಚೂ ಅವರದ್ದೇ, 2011ರಲ್ಲಿ ನಿಲ್ಲಿಸಿದ್ರು. ಪೋಸ್ಟ್‌ಮ್ಯಾನ್ ಆ ಫಾರಿನ್ ಕವರ್ ಹಿಡ್ಕೊಂಡು ಗೇಟ್ ಹತ್ರ ನಿಂತು "ಏನ್ ಸಾರ್, ವೀಸಾ ಬಂತಾ?" ಅಂದಿದ್ದು, ಅದನ್ನ ಕೇಳಿಸ್ಕೊಂಡ ಎದುರುಮನೆ ಆಂಟಿ ಸಂಜೆ ಅಮ್ಮನ ಹತ್ರ ಬಂದು ಹುಡುಗಿ ಕಡೆಯೋರು ಯಾರೋ ಇದ್ದಾರೆ ಅಂತ ಶುರು ಮಾಡಿದ್ದು, ಅದೇ ಒಂದು ದೊಡ್ಡ ಕತೆ. ಒಳಗಿದ್ದಿದ್ದು ಹಾರ್ಡಿ ಹೆರನ್, ಅಂದ್ರೆ ಗಟ್ಟಿ ಬಕಪಕ್ಷಿ.

ಸರಿ, ಗುರುವಾರ ರಾತ್ರಿಗೆ ಬರ್ತೀನಿ. ಬುದ್ಧಿ ಇರೋರು ಆ ದಿನ ಹಾಕಲ್ಲ. ಎರಡು ವರ್ಷಕ್ಕೊಂದು ಬರೋ ಈ ಎಲ್‌ಟಿಎಸ್‌ಗೆ, ಅಂದ್ರೆ ಲಾಂಗ್ ಟರ್ಮ್ ಸಪೋರ್ಟ್ ವರ್ಷನ್‌ಗೆ, ಐದು ವರ್ಷ ಸಪೋರ್ಟ್ ಇರತ್ತೆ, ಅವಸರ ಏನೂ ಇಲ್ಲ, ಹಳೇ ಎಲ್‌ಟಿಎಸ್‌ನಲ್ಲಿರೋರಿಗೆ ಅಪ್‌ಗ್ರೇಡ್ ಮಾಡ್ಕೊಳ್ಳಿ ಅಂತ ಕರೆಯೋದೇ ಅದರ ಮೊದಲನೇ ತಿದ್ದುಪಡಿ ಪಾಯಿಂಟ್ ಒನ್ ಬಂದ ಮೇಲೆ, ಆ ವರ್ಷ ಅದು ಆಗಸ್ಟ್ ಕೊನೆಗೆ ಬಂತು. ಮೊದಲನೇ ಪಂಕ್ತೀಲೇ ಕೂತ್ಕೊಂಡು ಉಪ್ಪು ಸರಿ ಇದ್ಯಾ ಅಂತ ಹೇಳೋಕೆ ನಮ್ಮಂಥೋರು ಬೇಕಲ್ಲ. 5.7 ಜಿಬಿ ಇಳಿಸಿ ಒಂಬತ್ತೂವರೆಗೆ ಶುರು ಮಾಡಿದೆ. ಹೆಂಡತಿ ಬಂದು "ರೀ, ಇದರಲ್ಲಿ ಹೊಸದೇನಿದೆ?" ಅಂದ್ಲು. ಕರ್ನಲ್ 6.8, ಗ್ನೋಮ್ 46 ಅಂದೆ. ಅಂದ್ರೆ? ವಾಲ್‌ಪೇಪರ್ ಬೇರೆ.

ನಿಜ ಹೇಳ್ಬೇಕಂದ್ರೆ ನನಗೆ ಬೇಕಾಗಿದ್ದು ಹೊಸದೇನೂ ಅಲ್ಲ. ಬಾಡಿಗೆ ಮನೆ ಬದಲಾಯಿಸಿದೋರಿಗೆ ಗೊತ್ತಿರತ್ತೆ, ಹಾಲುಕ್ಕಿಸಿದ ಬೆಳಗ್ಗೆ ಖಾಲಿ ಹಾಲ್‌ನಲ್ಲಿ ಮಾತಾಡಿದ್ರೆ ಮಾತು ವಾಪಸ್ ಬರತ್ತಲ್ಲ, ಸುಣ್ಣದ ವಾಸನೆ, ಈ ಗೋಡೆಗೆ ಮೊಳೆ ಹೊಡಿಯೋದೇ ಬೇಡ ಅನ್ನೋ ತೀರ್ಮಾನ. ಹೊಸದಾಗಿ ಹಾಕಿದ ಡೆಸ್ಕ್‌ಟಾಪ್ ಹಂಗಿರತ್ತೆ. ಐಕಾನ್ ಅನ್ನೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇನ್ಮೇಲೆ ಎಲ್ಲ ಫೈಲೂ ಅದರದರ ಜಾಗದಲ್ಲಿ ಇಡ್ತೀನಿ ಅನ್ಸತ್ತೆ. ಆಮೇಲೆ ಹಾರ್ಡ್ ಡಿಸ್ಕಿಂದ "ಹಳೇದು" ಅನ್ನೋ ಫೋಲ್ಡರ್ ಇಳಿಯತ್ತೆ, ಅದರೊಳಗೆ "ಹಳೇದು2", ಅದರೊಳಗೆ "ಹಾರ್ಡಿ", ಅಟ್ಟದಿಂದ ಅಟ್ಟಕ್ಕೆ ಬೀಗ ತೆಗೀದೇ ಹೋಗೋ ಟ್ರಂಕಿನ ಹಾಗೆ.

ಇನ್‌ಸ್ಟಾಲ್ ಆದ ತಕ್ಷಣ ನಾನು ಎಡಿಟರ್ ತೆಗೆದು ಟೈಪ್ ಮಾಡೋ ಮೊದಲನೇ ಪದ "ಸ್ತ್ರೀ". ಎರಡು ಒತ್ತು ಸರಿಯಾಗಿ ಕೂತ್ಕೊಳ್ತಾ ನೋಡೋಕೆ, ಅಷ್ಟೇ. ಮಲ್ಲಿಗೆ, ಕೇದಗೆ ಫಾಂಟ್‌ಗಳ ಕಾಲದಿಂದ ಬಂದ ಅಭ್ಯಾಸ, ಆಗೆಲ್ಲ ಒತ್ತಕ್ಷರ ಬೀದೀಲಿ ಬಿದ್ದಿರೋದು, ಈಗ ಗುಬ್ಬಿ, ನವಿಲು ಅಂತ ಫಾಂಟ್ ಬಂದು ಆ ಕಷ್ಟ ಇಲ್ಲ. ರಾತ್ರಿ ಹನ್ನೊಂದಕ್ಕೆ ಬಿಳಿ ಸ್ಕ್ರೀನಲ್ಲಿ ಆ ಒಂದೇ ಪದ ನೋಡಿದ ಹೆಂಡತಿ ಏನೂ ಕೇಳದೆ ಹೋಗಿ ಮಲಗಿದ್ಲು.

ಆಗ ಅಮ್ಮ ಬಂದ್ಲು. "ಬೆಳಗ್ಗೆ ಏಳಕ್ಕೇ ಓಟಿಗೆ ಹೋಗ್ಬೇಕು, ಆ ವೋಟರ್ ಸ್ಲಿಪ್ ಪ್ರಿಂಟ್ ಹಾಕ್ಕೊಡೋ." ಪ್ರಿಂಟರ್ ಆನ್ ಮಾಡಿದೆ. ಹೊಸ ಉಬುಂಟುಗೆ ಅದು ಕಾಣಿಸ್ತಾನೇ ಇಲ್ಲ. ಕೇಬಲ್ ತೆಗೆದು ಹಾಕಿದೆ, ಡ್ರೈವರ್ ಹುಡುಕಿದೆ, ರಾತ್ರಿ ಎರಡರವರೆಗೆ ಟರ್ಮಿನಲ್‌ನಲ್ಲಿ ಏನೇನೋ ಮಂತ್ರ ಹಾಕಿದೆ, ಮತ್ತು ಇದನ್ನ ಯಾರ ಮುಂದೆಯೂ ಒಪ್ಕೊಳ್ಳಲ್ಲ, ಆ ಮೂರು ಗಂಟೆ ನನಗೆ ಬೇಜಾರೇ ಆಗಲಿಲ್ಲ. ಬೆಳಗ್ಗೆ ಅಮ್ಮ ಕಾಯಲಿಲ್ಲ. ಬೂತಿಗೆ ಸ್ವಲ್ಪ ದೂರದಲ್ಲಿ ಟೇಬಲ್ ಹಾಕ್ಕೊಂಡು ಕೂತಿದ್ದ ಹುಡುಗ ಎರಡು ನಿಮಿಷದಲ್ಲಿ ಪಟ್ಟಿ ನೋಡಿ ಪೆನ್ನಲ್ಲಿ ಬರೆದುಕೊಟ್ನಂತೆ. ಬೆರಳಿಗೆ ಶಾಯಿ ಹಾಕಿಸ್ಕೊಂಡು ವಾಪಸ್ ಬಂದಾಗ ನಾನಿನ್ನೂ ಪ್ರಿಂಟರ್ ಮುಂದೇನೇ ಇದ್ದೆ.

ಮುಂದಿನ ವರ್ಷನ್ ಅದೇ ವರ್ಷ ಅಕ್ಟೋಬರ್ 10ಕ್ಕೆ ಇತ್ತು, ಮಾರನೇ ದಿನ ಆಯುಧಪೂಜೆ. ಒರಾಕ್ಯುಲರ್ ಓರಿಯೋಲ್, ಅಂದ್ರೆ ಭವಿಷ್ಯ ಹೇಳೋ ಹೊನ್ನಕ್ಕಿ. ಇದಕ್ಕೆ ಸಪೋರ್ಟ್ ಒಂಬತ್ತೇ ತಿಂಗಳು, ಎಲ್‌ಟಿಎಸ್ ಇರೋವಾಗ ಹಾಕ್ಕೊಳ್ಳೋ ಅಗತ್ಯವೇ ಇಲ್ಲ, ಆದ್ರೆ ಉಬುಂಟುಗೆ ಇಪ್ಪತ್ತು ವರ್ಷ ತುಂಬ್ತು ಅಂತ 2004ರ ಹಳೇ ಸ್ಟಾರ್ಟ್‌ಅಪ್ ಸದ್ದನ್ನ ವಾಪಸ್ ಹಾಕಿದ್ರಂತೆ, ಅದೊಂದು ಕೇಳ್ಬೇಕಿತ್ತು. ಮನೇಲಿ ಯಾರಿಗೂ ಹೇಳಿರ್ಲಿಲ್ಲ. ಬುಧವಾರ ಸಂಜೆ ಅಮ್ಮ ತಾನಾಗೇ ರೂಮಿಗೆ ಬಂದ್ಲು, ಕೈಯಲ್ಲಿ ಬಿಳೀ ಹಾಳೆ.

"ಲಲಿತಾ ಸಹಸ್ರನಾಮ ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕ್ಕೊಟ್ಬಿಡು. ಈಗ್ಲೇ."

"ಶುಕ್ರವಾರಕ್ಕೆ ತಾನೇ ಅಮ್ಮ, ನಾಳೆ ಹಾಕ್ಕೊಡ್ತೀನಿ."

"ನಾಳೆ ಗುರುವಾರ ಕಣೋ," ಅಂದ್ಲು.