ಆಪ್ಷನ್ ನಿಮ್ಮದು, ಆಸಕ್ತಿ ಯಾರದೋ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಎಂಜಿನಿಯರಿಂಗ್‌ನ ಅಣಕು ಸೀಟು ಹಂಚಿಕೆ ಪ್ರಕಟಿಸಿದ ಸಂಜೆ ರಾಜ್ಯದ ಮನೆಮನೆಗಳಲ್ಲಿ ನಡೆಯುವಷ್ಟು ಲೆಕ್ಕಾಚಾರ ಬಜೆಟ್ ದಿನ ವಿಧಾನಸೌಧದಲ್ಲೂ ನಡೆಯುವುದಿಲ್ಲ. ಅಣಕು ಎಂದು ಹೆಸರಲ್ಲೇ ಬರೆದಿದೆ, ಅಸಲಿ ಹಂಚಿಕೆಗೆ ಮುಂಚಿನ ತಾಲೀಮಷ್ಟೇ. ಆದರೂ ಅರ್ಧ ಜನ ಪೇಡ ಹಂಚಿ ಮುಗಿಸಿರುತ್ತಾರೆ, ಇನ್ನರ್ಧ ಜನ ಮ್ಯಾನೇಜ್‌ಮೆಂಟ್ ಸೀಟಿನ ರೇಟು ವಿಚಾರಿಸಲು ಫೋನು ಹಚ್ಚಿರುತ್ತಾರೆ.

ಪೋರ್ಟಲ್‌ನಲ್ಲಿ ವಿದ್ಯಾರ್ಥಿಯ ಕಾಲೇಜು, ಬ್ರಾಂಚುಗಳ ಆದ್ಯತೆ, ಅಂದರೆ ಆಪ್ಷನ್, ತುಂಬಲು ಜಾಗವಿದೆ. ತುಂಬುವವರು ಸೋದರಮಾವ, ಟ್ಯೂಷನ್ ಮೇಷ್ಟ್ರು ಮತ್ತು ಸೈಬರ್ ಸೆಂಟರಿನ ಹುಡುಗ. ಸೇತುವೆ ಕಂಡರೆ ನಿಂತು ಕಂಬ ಎಣಿಸುವ ಹುಡುಗಿಗೆ ಸಿವಿಲ್ ಬೇಕೆಂದರೆ, 'ಬಿಸಿಲಲ್ಲಿ ನಿಲ್ತೀಯೇನೇ?' ಎಂಬ ಒಂದೇ ಪ್ರಶ್ನೆಗೆ ಆಪ್ಷನ್ ಪಟ್ಟಿಯಿಂದ ಸಿವಿಲ್ ಮಾಯ. ಎಸಿ ರೂಮಿನಲ್ಲಿ ಕೂತು ಬೆನ್ನು ನೋಯಿಸಿಕೊಳ್ಳುವುದು ಕುಲೀನರ ಕಾಯಿಲೆಯಲ್ಲವೇ.

ಹೀಗಾಗಿ ಎಲ್ಲರೂ ಕಂಪ್ಯೂಟರ್ ಸೈನ್ಸ್. ಅದೂ ಬರಿಯದಲ್ಲ. ಕಂಪ್ಯೂಟರ್ ಸೈನ್ಸ್ ಮತ್ತು ಡಿಸೈನ್, ಕಂಪ್ಯೂಟರ್ ಸೈನ್ಸ್ ಮತ್ತು ಬಿಸಿನೆಸ್ ಸಿಸ್ಟಮ್ಸ್, ಆವರಣದೊಳಗೆ ಎಐ, ಎಐ-ಎಂಎಲ್, ಡೇಟಾ ಸೈನ್ಸ್. ಕಿರೀಟಪ್ರಾಯವಾಗಿ, ಕಂಪ್ಯೂಟರ್ ಸೈನ್ಸ್ (ಇಂಟರ್ನೆಟ್ ಆಫ್ ಥಿಂಗ್ಸ್, ಸೈಬರ್ ಸೆಕ್ಯುರಿಟಿ, ಬ್ಲಾಕ್‌ಚೈನ್ ಸಹಿತ). ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮೊದಲ ಇಂಟರ್ನಲ್ಸ್ ಬಂದಿರುತ್ತದೆ. ಮದುವೆ ಪತ್ರಿಕೆಯಲ್ಲಿ 'ಬಿ.ಇ.' ಮುಂದೆ ಇದನ್ನು ಅಚ್ಚು ಹಾಕಿಸಿದರೆ ಮುಹೂರ್ತಕ್ಕೆ ಜಾಗ ಉಳಿಯದು. ಸಾಧನೆ ಚೆನ್ನಾಗಿರುವ ಸಂಸ್ಥೆಗಳಿಗೆ ಒಂದು ಕೋರ್ಸಿನಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಕ ಎಐಸಿಟಿಇ 2024-25ರಿಂದ ತೆಗೆದುಹಾಕಿತು. ಸಾಧನೆ ಚೆನ್ನಾಗಿಲ್ಲ ಎಂದು ಒಪ್ಪಿಕೊಂಡ ಕಾಲೇಜು ಎಲ್ಲಾದರೂ ಇದೆಯೇ? ಸೀಟುಗಳು ಉಬ್ಬಿದವು, ಮೇಷ್ಟ್ರುಗಳು ಅಷ್ಟೇ ಉಳಿದರು.

ಆವರಣದೊಳಗೆ ಏನೇ ಇರಲಿ, ಮೊದಲ ವರ್ಷ ಎಲ್ಲರಿಗೂ ಅದೇ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್. ಎರಡನೇ ವರ್ಷ ಅದೇ ಡೇಟಾ ಸ್ಟ್ರಕ್ಚರ್ಸ್, ಅದೇ ಆಪರೇಟಿಂಗ್ ಸಿಸ್ಟಮ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಜಾಲತಾಣದಲ್ಲಿ ಇಂಥ ಎರಡು ಬ್ರಾಂಚಿನ ಸ್ಕೀಮ್, ಅಂದರೆ ವಿಷಯಪಟ್ಟಿಯ ಪಿಡಿಎಫ್ ತೆಗೆದು ಅಕ್ಕಪಕ್ಕ ಇಟ್ಟು ಬೇರೆ ವಿಷಯ ಎಷ್ಟಿವೆ ಎಂದು ಎಣಿಸಿದರೆ ಹತ್ತು ನಿಮಿಷದ ಕೆಲಸ. ಯಾರು ಎಣಿಸುತ್ತಾರೆ? ಗೇಟಿನ ಪಕ್ಕ ರಾಷ್ಟ್ರೀಯ ಮಾನ್ಯತಾ ಮಂಡಳಿ (ಎನ್‌ಬಿಎ) ಮಾನ್ಯತೆಯ ಬೋರ್ಡಿದೆ, ಸಾಲದೆ? ಎನ್‌ಬಿಎ ಮಾನ್ಯತೆ ಕೊಡುವುದು ಬ್ರಾಂಚಿಗೆ, ಕಾಲೇಜಿಗಲ್ಲ. ಕನಿಷ್ಠ ಎರಡು ಬ್ಯಾಚ್ ಪಾಸಾಗಿ ಹೊರಬಿದ್ದ ಮೇಲೆಯೇ ಆ ಬ್ರಾಂಚಿಗೆ ಅರ್ಜಿ ಹಾಕುವ ಅರ್ಹತೆ. ಮೊನ್ನೆ ಮೊನ್ನೆ ಶುರುವಾದ ಬ್ಲಾಕ್‌ಚೈನ್ ಸಹಿತರು ಮೆಕ್ಯಾನಿಕಲ್‌ನವರ ಬೋರ್ಡಿನ ನೆರಳಲ್ಲಿ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ.

ಇಡೀ ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಎ ಪ್ಲಸ್, ಎ ಪ್ಲಸ್ ಪ್ಲಸ್ಸುಗಳನ್ನು ನಂಬೋಣವೆಂದರೆ, 2025ರ ಫೆಬ್ರುವರಿಯಲ್ಲಿ ನ್ಯಾಕ್ ತಪಾಸಣಾ ಸಮಿತಿಯವರನ್ನೇ ಸಿಬಿಐ ಲಂಚದ ಆರೋಪದಲ್ಲಿ ಬಂಧಿಸಿತು.

ಇನ್ನು ಪ್ಲೇಸ್‌ಮೆಂಟ್. ಹೋರ್ಡಿಂಗ್ ಮೇಲೆ ನಗುತ್ತಿರುವ ಒಬ್ಬನ ಪ್ಯಾಕೇಜಿನಿಂದ ಉಳಿದ ಐನೂರು ಜನರ ಹೊಟ್ಟೆ ತುಂಬುವುದಿಲ್ಲ. ಕೇಂದ್ರ ಸರ್ಕಾರದ ಶ್ರೇಯಾಂಕ ಪಟ್ಟಿಯಾದ ಎನ್‌ಐಆರ್‌ಎಫ್‌ಗೆ ಕಾಲೇಜು ಸಲ್ಲಿಸಿದ ಪಿಡಿಎಫ್ ಅದರದೇ ಜಾಲತಾಣದ ಯಾವುದೋ ಮೂಲೆಯಲ್ಲಿ ಸಿಗುತ್ತದೆ. ಎಷ್ಟು ಜನ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮಧ್ಯದವನ ಸಂಬಳವೆಷ್ಟು, ಎಲ್ಲವೂ ಅದರಲ್ಲಿದೆ. ಕೆಲಸ ಸಿಕ್ಕವರ ಸಂಖ್ಯೆಯನ್ನು ಸೇರಿದವರ ಸಂಖ್ಯೆಯಿಂದ ಭಾಗಿಸಿ. 'ನೂರಕ್ಕೆ ನೂರು' ಅಲ್ಲೇ ಕರಗುತ್ತದೆ. ಡ್ರೋನ್ ವಿಡಿಯೊದಲ್ಲಿ ಕಂಡ ಹುಲ್ಲುಹಾಸಿನ ಮೇಲೆ ಕೂತು ಗಿಟಾರ್ ಬಾರಿಸುವ ಕನಸಿದ್ದವರು ಶೇ 85 ಹಾಜರಿಯ ನಿಯಮವನ್ನೂ ಓದಿಕೊಳ್ಳುವುದು ಒಳ್ಳೆಯದು. 'ಬೆಂಗಳೂರು ಕ್ಯಾಂಪಸ್' ಎಂದು ಹೊಸಕೋಟೆ ದಾಟಿ ಇಳಿದವರಿಗೆ ಹಾಸ್ಟೆಲ್ ಬಿಟ್ಟರೆ ಗತಿಯಿಲ್ಲ, ಮತ್ತು ಕೆಇಎ ಚಲನ್ನಿನಲ್ಲಿ ಹಾಸ್ಟೆಲ್ ಶುಲ್ಕ ಇರುವುದಿಲ್ಲ.

ಆಪ್ಷನ್ ಕ್ರಮದ ಬಗ್ಗೆ ಇರುವ ಮೂಢನಂಬಿಕೆಗಂತೂ ಗ್ರಹಣದ ದಿನವೂ ನಾಚಬೇಕು. 'ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದೂ ಕೈತಪ್ಪುತ್ತದೆ' ಅಂತೆ. ತಪ್ಪುವುದಿಲ್ಲ ಸ್ವಾಮಿ. ಸಾಫ್ಟ್‌ವೇರ್ ರ‍್ಯಾಂಕಿನ ಪ್ರಕಾರ ನಿಮ್ಮ ಸರದಿಗೆ ಬಂದು, ಒಂದನೇ ಆಪ್ಷನ್‌ನಿಂದ ಕೆಳಕ್ಕಿಳಿಯುತ್ತಾ ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. ಬೇಕಾದ್ದನ್ನು ಮೇಲೆ ಬರೆಯಿರಿ. ಬೇಡದ್ದನ್ನು ಬರೆಯಲೇಬೇಡಿ, ಏಕೆಂದರೆ ಬರೆದರೆ ಅದು ಸಿಕ್ಕೇಬಿಡಬಹುದು. ಕಳೆದ ವರ್ಷದ ಕಟಾಫ್ ನೋಡುವಾಗ ನಿಮ್ಮ ಮೀಸಲಾತಿಯ ಕಾಲಂ ನೋಡಿ. 2ಎಆರ್ ಎಂದರೆ 2ಎ ಗ್ರಾಮೀಣ, 2ಎಕೆ ಎಂದರೆ 2ಎ ಕನ್ನಡ ಮಾಧ್ಯಮ. ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿಯೇ ಕಣ್ಣೀರಿಟ್ಟು ಬ್ರೋಕರ್ ಬಳಿ ಓಡಿದ ಹಳ್ಳಿಯ ಅಪ್ಪಂದಿರು ಕಡಿಮೆಯೇನಿಲ್ಲ.

ಬ್ರೋಕರ್ ಎಂದಾಗ ನಗು ನಿಲ್ಲುತ್ತದೆ. 2024ರ ಸೀಟ್ ಬ್ಲಾಕಿಂಗ್ ಎಲ್ಲರಿಗೂ ಗೊತ್ತಿದ್ದದ್ದೇ. ಒಳ್ಳೆಯ ರ‍್ಯಾಂಕ್ ಇದ್ದೂ ಸೇರುವ ಮನಸ್ಸಿಲ್ಲದವರ ಲಾಗಿನ್ ಹಿಡಿದು ಬೇಡಿಕೆಯ ಸೀಟನ್ನು ಅವರ ಹೆಸರಿಗೆ ಕಟ್ಟಿಹಾಕಿದರು. ಕೊನೆಯ ಸುತ್ತು ಮುಗಿಯುವ ತನಕ ಯಾರೂ ಸೇರಲಿಲ್ಲ. ಉಳಿದ ಸೀಟು ಆಡಳಿತ ಮಂಡಳಿಯ ಬುಟ್ಟಿಗೆ, ಅಲ್ಲಿಂದ ಲಕ್ಷಗಳಿಗೆ. ಕೆಇಎ ನೋಟಿಸ್ ಕೊಟ್ಟಿತು, ಪೊಲೀಸರು ಬಂಧಿಸಿದರು, 2025ರಲ್ಲಿ ಇ.ಡಿ. ದಾಳಿಯೂ ಆಯಿತು. ಅದೇ ಸೀಟಿಗೆ ಮುಂದಿನ ರ‍್ಯಾಂಕಿನಲ್ಲಿ ಕಾದಿದ್ದವರ ಹೆಸರು ಯಾವ ಪತ್ರಿಕಾ ಪ್ರಕಟಣೆಯಲ್ಲೂ ಇರಲಿಲ್ಲ. ಎರಡು ವರ್ಷ ಟ್ರಿಗ್ನಾಮೆಟ್ರಿ, ಇಂಟಿಗ್ರೇಷನ್ ಎಂದು ನಿದ್ದೆಗೆಟ್ಟ ಮಕ್ಕಳು ಅವರು. ಕದ್ದದ್ದು ಅವರದ್ದನ್ನು. ಇದಕ್ಕೆ ಹಗರಣ ಎಂಬ ಮರ್ಯಾದೆಯ ಹೆಸರು ಬೇರೆ.

ಸೈಬರ್ ಸೆಂಟರಿನಲ್ಲಿ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು 'ಒಳ್ಳೇದನ್ನ ನೀನೇ ಹಾಕಪ್ಪ' ಎಂದು ಬರುವವರು ಈ ವರ್ಷವೂ ಇರುತ್ತಾರೆ. ಗಡುವು ಮುಗಿಯುವ ಮುಂಚೆ ಪಾಸ್‌ವರ್ಡ್ ಬದಲಿಸಿ, ಒಮ್ಮೆ ನೀವೇ ಲಾಗಿನ್ ಆಗಿ ಪಟ್ಟಿಯ ಪ್ರಿಂಟ್ ತೆಗೆದು ಓದಿ. ಒಂಬತ್ತನೇ ಆಪ್ಷನ್‌ನಲ್ಲಿ ನೀವು ಹೆಸರೇ ಕೇಳದ ಕಾಲೇಜು ಕೂತಿದ್ದರೆ, ಅದು ಸಾಫ್ಟ್‌ವೇರಿನ ತಪ್ಪಲ್ಲ.